ಕಾಲುವೆ ದಂಡೆಯಲ್ಲಿ ಯಾರೂ ಇಲ್ಲವಂತೆ

ಕಾಗವಾಡದ ಬಸ್ ನಿಲ್ದಾಣದಲ್ಲಿ ಕೂತಿದ್ದ ಶುಭಾಂಗಿಯ ಕಿವಿಗೆ ಪಕ್ಕದಲ್ಲಿದ್ದ ಮುದುಕಿಯ ಸಿಟ್ಟಿನ ದನಿ ಬಿತ್ತು.

"ಆ ಸೈಕಲ್ ಮಂದಿ ಏನ್ ಬರದಾರ, ಮತ್ತೊಮ್ಮಿ ಓದು ಮಾಳೇಶ."

ಅಳಿಯ ಮೊಬೈಲ್ ನೋಡಿದ. "ಸೈಕಲ್ಲಿನವ್ರಿಗೆ ಚಲೋ ದಾರಿ. ಕಾಲುವಿ ದಂಡಿಗುಂಟ ಕಾರಿಲ್ಲ, ಗದ್ದಲಿಲ್ಲ, ಒಂದ್ ನರಪಿಳ್ಳೆ ಸೈತ ಇಲ್ಲ ಅಂತ, ಅತ್ತಿ."

"ನನ್ನ ಗುಡಿಸಲಾ ಎಲ್ಲೈತಿ?"

"ಕಾಲುವಿ ದಂಡಿಮ್ಯಾಗ."

"ಮೊನ್ನೆ ಸೈಕಲ್ ಒರಗಿಸಿ ಆ ಮಂದಿ ಯಾರ ಅಂಗಳದಾಗ ಕುಂತಿದ್ರು? ಯಾರ ಎಮ್ಮಿ ಮಜ್ಜಿಗಿ ಕುಡದ್ರು?"

"ನಿಂದ. ಹೋಗ್ಲಿ ಬಿಡು, ತಿಳೀದ ಬರದಾರ."

"ಕುಡಿಯೂಮುಂದ ಕಂಡಾಕಿ ಬರಿಯೂಮುಂದ ಕಾಣಲಿಲ್ಲೇನು?"

ಶೇಡಬಾಳದ ಬಸ್ಸು ಬಂತು. ಮುದುಕಿ ಸೆರಗು ಬಿಗಿದುಕೊಂಡು ಎದ್ದಳು.

"ಐತ್ವಾರ ಮತ್ತ ಬರ್ತಾರಂತ, ಅತ್ತಿ. ಇಪ್ಪತ್ತು ಮಂದಿ."

ಅವಳು ಬಸ್ಸಿನ ಮೆಟ್ಟಿಲ ಮೇಲೆ ನಿಂತು ತಿರುಗಿದಳು.

"ಬರ್ಲಿ. ನರಪಿಳ್ಳೆ ಇಲ್ಲದ ದಾರ್ಯಾಗ ಮಜ್ಜಿಗಿ ಯಾರ ಕೊಡ್ತಾರೋ, ಅವ್ರ ಹತ್ರ ಇಸ್ಕೊಂಡ್ ಕುಡೀಲಿ."