ಬೇರೆ ಇಟ್ಟ ಬಾಗಿನ

ಈ ಬೀಳ್ಕೊಡುಗೆ ಸಮಾರಂಭದ ಅಧ್ಯಕ್ಷತೆ ವಹಿಸಿರುವ ನಮ್ಮ ಗ್ರಾಮ ಪಂಚಾಯಿತಿಯ ಅಧ್ಯಕ್ಷರಾದ ಶ್ರೀಮತಿ ರಮ್ಯಾ ಅವರೇ, ವೈದ್ಯಾಧಿಕಾರಿಗಳಾದ ಉಮಾಶಂಕರ ಅವರೇ, ಬಿಸಿಲು ಮಳೆ ಎನ್ನದೆ ನನ್ನ ಜೊತೆ ಮನೆಮನೆ ಸುತ್ತಿದ ಆಶಾ ಕಾರ್ಯಕರ್ತೆಯರೇ, ಅಂಗನವಾಡಿ ಅಮ್ಮಂದಿರೇ, ಕಟ್ಟೆಮಳಲವಾಡಿಯಿಂದಲೂ ಸುತ್ತಲಿನ ಹಳ್ಳಿಗಳಿಂದಲೂ ಹೊಗೆಸೊಪ್ಪಿನ ಕೆಲಸ ಬಿಟ್ಟು ಬಂದಿರುವ ಸಭಿಕರೇ,

ಅಧ್ಯಕ್ಷರು ನನ್ನ ಬಗ್ಗೆ ಬಹಳ ದೊಡ್ಡ ಮಾತುಗಳನ್ನಾಡಿದರು. ಅವರು ಹುಟ್ಟಿದಾಗ ಅಳಲಿಲ್ಲ. ಅಂಗಾಲಿಗೆ ತಟ್ಟಿ ಅಳಿಸಿದವಳು ನಾನು. ಇವತ್ತು ಅವರು ನನ್ನನ್ನು ಅಳಿಸಿ ಆ ಸೇಡನ್ನು ತೀರಿಸಿಕೊಂಡರು. ಸರ್ಕಾರ ನಮ್ಮ ಹುದ್ದೆಯ ಹೆಸರನ್ನು ಬದಲಿಸುತ್ತಲೇ ಇದೆ. ಈಗ ನಾನು ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ನಿಮ್ಮ ಬಾಯಿಗೆ ಅದು ಬರಲಿಲ್ಲ, ನನ್ನ ಬಾಯಿಗೂ ಬರಲಿಲ್ಲ. ನಿಮಗೆ ನಾನು ನರ್ಸಮ್ಮ. ಶಮೀಮುನ್ನೀಸಾ ಎಂಬ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು.

ಇರಲಿ. ಮೊದಲು ಒಂದು ವಿಷಯವನ್ನು ಹೇಳಿಬಿಡುತ್ತೇನೆ, ಇಲ್ಲವಾದರೆ ನೀವು ನನ್ನ ಭಾಷಣ ಕೇಳುವುದಿಲ್ಲ, ಅದನ್ನೇ ಯೋಚಿಸುತ್ತಾ ಕೂರುತ್ತೀರಿ. ಕಾರ್ಯಕ್ರಮ ಶುರುವಾದಾಗ ದೀಪ ಬೆಳಗಿಸಲು ನನ್ನ ಕೈಗೆ ಮೇಣದಬತ್ತಿ ಕೊಟ್ಟರು. ನಾನು ಅದನ್ನು ಅಧ್ಯಕ್ಷರ ಕೈಗೆ ದಾಟಿಸಿದೆ. "ಯಾಕ್ಲಾ, ನರ್ಸಮ್ಮ ದೀಪ ಹಚ್ನಿಲ್ಲ?" ಎಂದು ಯಾರೋ ಮುಂದಿನ ಸಾಲಿನಲ್ಲಿ ಕೇಳಿದ್ದು ನನಗೆ ಮೈಕಿಗಿಂತ ಚೆನ್ನಾಗಿ ಕೇಳಿಸಿತು. ಪೋಲಿಯೊ ಕಾರ್ಯಕ್ರಮಗಳಲ್ಲಿ ನಾನು ದೀಪ ಹಚ್ಚಿಲ್ಲವೇ? ಹಚ್ಚಿದ್ದೇನೆ. ಹಾಗಾದರೆ ಈ ಸಲ ಏನಾಯಿತು? ನಿಜ ಹೇಳಬೇಕೆಂದರೆ, ನನಗೇ ಗೊತ್ತಿಲ್ಲ. ಸಭೆಯ ದೀಪ ಪೂಜೆಯೋ, ಬರೀ ಪದ್ಧತಿಯೋ ಎಂದು ಯೋಚಿಸುವಷ್ಟರಲ್ಲಿ ಕೈ ತಾನೇ ಪಕ್ಕಕ್ಕೆ ಹೋಯಿತು. ಯಾರ ಮೇಲೂ ಅಗೌರವದಿಂದ ಹೋದದ್ದಲ್ಲ. ಇಂಥ ಯೋಚನೆ ನನ್ನ ತಲೆಗೆ ಹೇಗೆ ಹೊಕ್ಕಿತು ಎಂಬುದನ್ನು ಇವತ್ತು ಹೇಳಿಬಿಡಬೇಕು ಅನ್ನಿಸುತ್ತಿದೆ. ಭಾಗ್ಯಮ್ಮನವರು ಇಲ್ಲೇ ಕೂತಿದ್ದಾರೆ. ಅವರ ಅಪ್ಪಣೆ ಕೇಳಿಲ್ಲ. ಬೈಯುವುದಿದ್ದರೆ ಆಮೇಲೆ ಬೈಯಲಿ.

ನಾನು ಕೆಲಸಕ್ಕೆ ಸೇರಿದ ಹೊಸತು. ಈ ಭಾಗ್ಯಕ್ಕನಿಗೆ ಹೆರಿಗೆ ನೋವು ಬಂದಿದೆ ಎಂದು ಕರೆ ಬಂತು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಪಕ್ಕದ ಕೋಣೆ. ಮಗು ಬೃಂದಾ ಸಲೀಸಾಗಿ ಬಂದಳು. ಆದರೆ ತಾಯಿಗೆ ರಕ್ತ ನಿಲ್ಲಲಿಲ್ಲ. ಆಗ ನೂರಾ ಎಂಟು ಎಲ್ಲಿತ್ತು? ಡೇರಿಯ ಹಾಲಿನ ವ್ಯಾನು ಸಿಕ್ಕಿತು. ಕ್ಯಾನುಗಳ ನಡುವೆ ಅವಳನ್ನೂ ಮಗುವನ್ನೂ ಮಲಗಿಸಿ, ಹುಣಸೂರು ಆಸ್ಪತ್ರೆ ಸೇರುವ ತನಕ ನಾನು ಅವಳ ಕಿಬ್ಬೊಟ್ಟೆಯನ್ನು ಅದುಮಿ ಹಿಡಿದೇ ಇದ್ದೆ. ಕೈ ಮರಗಟ್ಟಿತು. ದಾರಿಯುದ್ದಕ್ಕೂ ನಾನು ದುವಾ ಓದುತ್ತಿದ್ದೆ, ಅವಳು ಗೌರಮ್ಮ ಗೌರಮ್ಮ ಎನ್ನುತ್ತಿದ್ದಳು. ವ್ಯಾನಿನ ಡ್ರೈವರು ಯಾರನ್ನು ಕರೆಯುತ್ತಿದ್ದನೋ, ಅವನು ಓಡಿಸಿದ ರೀತಿಗೆ ನಾವು ಮೂವರೂ ಬದುಕಿದ್ದೇ ಹೆಚ್ಚು.

ಆಸ್ಪತ್ರೆಯಲ್ಲಿ ಅವಳು ನನ್ನ ತವರು ಎಲ್ಲಿ ಎಂದು ಕೇಳಿದಳು. ಕೆ.ಆರ್. ನಗರ ಎಂದೆ. ಅಮ್ಮ ತೀರಿಹೋದರು, ಅಪ್ಪ ಇನ್ನೊಂದು ಸಂಸಾರ ಮಾಡಿಕೊಂಡರು, ಈಗ ಅಲ್ಲಿ ನನ್ನನ್ನು ಕರೆಯುವವರಿಲ್ಲ ಎಂದೆ. ಕೇಳದೇ ಇದ್ದ ಮಾತನ್ನೂ ಹೇಳಿದೆ, ಈಗ ನಿಮಗೂ ಹೇಳುತ್ತಿದ್ದೇನೆ. ಅವಳು ಮಗುವಿನ ಕಡೆ ತಿರುಗಿಕೊಂಡೇ ಅಂದಳು: "ಇಲ್ದಿದ್ರೆ ಇಲ್ಲ ಬುಡು. ನಾನೇ ನಿನ್ನ ತವ್ರು ಕಣವ್ವ."

ಆ ವರ್ಷ ಗೌರಿ ಹಬ್ಬಕ್ಕೆ ಅವಳು ನಮ್ಮ ಆರೋಗ್ಯ ಉಪಕೇಂದ್ರಕ್ಕೆ ಮೊರದ ಬಾಗಿನ ತಂದಳು. ಹೊಸ ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಅರಿಶಿನ ಕುಂಕುಮ, ಹಸಿರು ಬಳೆ, ರವಿಕೆ ಕಣ. ಮೇಲೆ ಇನ್ನೊಂದು ಮೊರ ಮುಚ್ಚಿತ್ತು. ಅವಳು ಸೆರಗು ಹೊದಿಸಿ ಹಿಡಿದಳು, ನಾನು ನನ್ನ ಸೆರಗು ಒಡ್ಡಿ ತೆಗೆದುಕೊಂಡೆ. ಅಲ್ಲಿಂದ ಒಂದು ವರ್ಷವೂ ತಪ್ಪಲಿಲ್ಲ. ಅರಿಶಿನ ಕುಂಕುಮವನ್ನು ನಾನು ಪಕ್ಕದ ಅಂಗನವಾಡಿಗೆ ಕೊಟ್ಟುಬಿಡುತ್ತಿದ್ದೆ. ಬಳೆ ತೊಡುತ್ತಿದ್ದೆ. ಅಕ್ಕಿಯಿಂದ ಮನೆಯಲ್ಲಿ ಖೀರು ಆಗುತ್ತಿತ್ತು. ನಮ್ಮ ಯಜಮಾನರು ಅದನ್ನು "ನಿನ್ನ ತವರಿನ ಖೀರು" ಎನ್ನುತ್ತಿದ್ದರು. ಇದರಲ್ಲಿ ಕೇಳುವುದಕ್ಕೆ ಒಂದು ಪ್ರಶ್ನೆ ಇದೆ ಎಂದು ನನಗೆ ಹೊಳೆದೇ ಇರಲಿಲ್ಲ.

ಪ್ರಶ್ನೆ ಕೇಳಿದವಳು ನನ್ನ ಮಗಳು ಸಾದಿಯಾ. ಹೋದ ವರ್ಷದ ಹಿಂದಿನ ವರ್ಷದ ಗೌರಿ ಹಬ್ಬ. ಅವಳು ಅಷ್ಟರಲ್ಲಿ ನಮ್ಮ ಹುಣಸೂರಿನ ಮನೆಯ ಹತ್ತಿರ ಹೆಣ್ಣುಮಕ್ಕಳ ದೀನಿನ, ಅಂದರೆ ನಮ್ಮ ಧರ್ಮದ, ತರಗತಿಗೆ ಹೋಗುತ್ತಿದ್ದಳು. ದಯವಿಟ್ಟು ಅವಳ ಮೇಲೆ ಸಿಟ್ಟಾಗಬೇಡಿ. ಅವಳು ಯಾರನ್ನೂ ನೋಯಿಸುವ ಹುಡುಗಿಯಲ್ಲ. ಓದಿದಂತೆ ಬದುಕಬೇಕು ಅನ್ನುವವಳು. ಮೊರ ನೋಡಿ ಮೆಲ್ಲಗೆ ಕೇಳಿದಳು: "ಅಮ್ಮೀ, ಇದು ಪೂಜೆಗೆ ಇಟ್ಟು ತಂದದ್ದಲ್ವಾ? ನಾವು ತಿನ್ನಬಹುದಾ?"

ನಾನು ಹೋಗು ಹೋಗು ಎಂದೆ. ಆದರೆ ಆ ದಿನ ನನ್ನ ಬಟ್ಟಲಿನ ಖೀರು ಹಾಗೇ ಉಳಿಯಿತು. ಐದು ಹೊತ್ತು ನಮಾಜು ಮಾಡುವವಳು ನಾನು. ಇಷ್ಟು ವರ್ಷ ನಾನು ಅಲ್ಲಾಹನ ಮುಂದೆ ತಪ್ಪು ಮಾಡುತ್ತಾ ಬಂದೆನೇ? ಮಗು ಕೇಳಿದ್ದನ್ನು ನಾನೇಕೆ ಕೇಳಿಕೊಳ್ಳಲಿಲ್ಲ?

ವಿಚಾರಿಸಿದೆ. ನಮ್ಮ ಮೊಹಲ್ಲಾದ ಮೌಲಾನಾ ಸಾಹೇಬರು ಸಮಾಧಾನವಾಗಿ ಹೇಳಿದರು: ಬೇರೆ ಧರ್ಮದ ಪೂಜೆಯಲ್ಲಿ ನಾವು ಸೇರುವಂತಿಲ್ಲ, ಅವರ ದೇವರ ಮುಂದೆ ಇಟ್ಟದ್ದನ್ನು ತಿನ್ನುವಂತಿಲ್ಲ. ಆದರೆ ಪ್ರೀತಿಯಿಂದ ಕೊಟ್ಟ ಉಡುಗೊರೆ ತೆಗೆದುಕೊಳ್ಳಬಹುದು, ನಮ್ಮೊಡನೆ ಒಳ್ಳೆಯದಾಗಿ ಇರುವವರೊಡನೆ ಒಳ್ಳೆಯದಾಗಿ ಇರಬೇಕು, ನೆರೆಯವರ ಹಕ್ಕು ದೊಡ್ಡದು. "ಪೂಜೆಗೆ ಇಟ್ಟದ್ದೋ ಅಲ್ಲವೋ, ಕೇಳಿ ತಿಳಿದುಕೊಳ್ಳಿ" ಎಂದರು. ಕೋಟೆ ತಾಲ್ಲೂಕಿನ ಎನ್. ಬೇಗೂರಿಗೆ ಲಸಿಕೆ ಕೆಲಸದ ಮೇಲೆ ಹೋದಾಗ, ಅಲ್ಲಿ ಸಿಕ್ಕ ಕೇರಳದ ಮದರಸಾ ಉಸ್ತಾದರೊಬ್ಬರು ಉಡುಗೊರೆ ಸರಿ, ಆದರೆ ಹಬ್ಬದ ದಿನ ಬೇಡ, ಇನ್ನೊಂದು ದಿನ ತರಲು ಹೇಳಿ ಎಂದರು. ಮಗಳ ಫೋನಿನಲ್ಲಿ ಕೇಳಿದ ಪ್ರವಚನದಲ್ಲಿ ಒಬ್ಬರು ಹಬ್ಬದ ಶುಭಾಶಯವೂ ಕೂಡದು ಎಂದರು. ನಮ್ಮ ಅತ್ತಿಗೆ, ಮನಸ್ಸಿನಲ್ಲಿ ಏನಿದೆ ಎನ್ನುವುದೇ ಮುಖ್ಯ, ಅಲ್ಲಾಹನಿಗೆ ಅದು ಗೊತ್ತು ಎಂದರು. ಒಂದು ಜ್ವರಕ್ಕೆ ನಾಲ್ಕು ಜನ ನಾಲ್ಕು ಬಣ್ಣದ ಮಾತ್ರೆ ಕೊಟ್ಟ ಹಾಗಾಯಿತು. ಡಾಕ್ಟರ ಮುಂದೆ ಈ ಮಾತು ಆಡಬಾರದಿತ್ತು, ಕ್ಷಮಿಸಿ.

ಕೇಳಿ ತಿಳಿದುಕೊಳ್ಳಿ ಎಂದರಲ್ಲ, ಹೇಗೆ ಕೇಳುವುದು? ತವರಿನವರು ಸೆರಗಿನಲ್ಲಿ ಮುಚ್ಚಿಕೊಂಡು ತಂದದ್ದನ್ನು ಇದು ಎಲ್ಲಿ ಇಟ್ಟಿದ್ದು ಎಂದು ಯಾವ ಮಗಳು ಕೇಳುತ್ತಾಳೆ? ನನಗೆ ಧೈರ್ಯ ಬರಲಿಲ್ಲ. ಹೋದ ವರ್ಷ ಹಬ್ಬದ ದಿನ ರಜೆ ಹಾಕಿ ಹುಣಸೂರಿನ ಮನೆಯಲ್ಲೇ ಉಳಿದುಬಿಟ್ಟೆ.

ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಸಾದಿಯಾ ತೆಗೆದಳು. ಭಾಗ್ಯಕ್ಕ, ಹಬ್ಬದ ಸೀರೆಯಲ್ಲಿ, ಬಸ್ಸಿನಲ್ಲಿ ನಿಂತುಕೊಂಡೇ ಬಂದು ಬೆವರಿದ್ದಳು. ಟವೆಲಿನಲ್ಲಿ ಕಟ್ಟಿದ ಮೊರ ಕಂಕುಳಲ್ಲಿತ್ತು.

"ಏನವ್ವ, ಅಬ್ಬದ ದಿನವೇ ರಜ ಆಕಿದ್ದೀಯ? ಮೈಗ್ ಉಸಾರಿಲ್ವಾ?"

ನೀರು ಕೊಟ್ಟೆ. ಕೂರಿಸಿದೆ. ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

"ಭಾಗ್ಯಕ್ಕ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಈ ಬಾಗಿನಾನ ಗೌರಮ್ಮನ ಮುಂದೆ ಇಟ್ಟು ತರ್ತೀಯಾ?"

ಅವಳ ಮುಖ ಬಣ್ಣಗೆಟ್ಟಿತು. ಲೋಟ ಕೆಳಗಿಟ್ಟಳು.

"ಯಾರ್ ಏಳುದ್ರು ನಿಂಗೆ?"

"ಯಾರೂ ಹೇಳಲಿಲ್ಲ. ನಾನೇ ಕೇಳ್ತಿದ್ದೀನಿ."

"ತಪ್ಪು ತಿಳ್ಕಬ್ಯಾಡ ಕಣವ್ವ," ಎಂದು ಅವಳು ನನ್ನ ಕೈ ಹಿಡಿದುಕೊಂಡಳು. "ಬಾಕಿಯೋರ್ದೆಲ್ಲ ಗೌರಮ್ಮನ ಮುಂದೆ ಇಡ್ತೀನಿ. ನಿಂದೊಂದ ಅಡ್ಗೆಮನೇಲಿ ಬ್ಯಾರೆ ಇಡ್ತೀನಿ. ಮೊದಲ್ನೇ ಸಲದಿಂದ್ಲೂ ಅಂಗೇಯ. ನಮ್ಮತ್ತೆ ಪುಟ್ಟಮಲ್ಲಮ್ಮ ಏಳಿದ್ಲು, ‘ಸಾಬ್ರೆಣ್ಣಿಗೆ ದೇವ್ರ ಮುಂದಿಟ್ಟುದ್ದ ಕೊಡ್ಬ್ಯಾಡ ಕಣೇ’ ಅಂತ."

ಸಭಿಕರೇ, ನಾನು ಏನು ಮಾಡಬೇಕಾಗಿತ್ತು? ಅಲ್‌ಹಮ್ದುಲಿಲ್ಲಾಹ್ ಎನ್ನಬೇಕಾಗಿತ್ತು. ವರ್ಷವಿಡೀ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿಯಿತು ಎನ್ನಬೇಕಾಗಿತ್ತು. ಯಾವ ತಪ್ಪಿಗೆ ಹೆದರಿದ್ದೆನೋ ಆ ತಪ್ಪು ಒಂದು ದಿನವೂ ನಡೆದಿರಲಿಲ್ಲ. ಆದರೆ ನನ್ನ ಬಾಯಲ್ಲಿ ಬಂದದ್ದು ಬೇರೆಯೇ.

"ಅಂದ್ರೆ ಇಷ್ಟು ವರ್ಷ ನೀನು ನಂಗೆ ಕೊಟ್ಟಿದ್ದು ಬಾಗಿನವೇ ಅಲ್ವಾ?"

ಹಾಗೆಂದವಳು ಅತ್ತುಬಿಟ್ಟೆ. ಸಾದಿಯಾ ಬೆರಗಾಗಿ ನೋಡುತ್ತಾ ನಿಂತಳು. ಬೇಡ ಬೇಡ ಎಂದು ಹೆದರಿದ್ದು ನಾನೇ, ಅದು ನನಗೆ ಸಿಕ್ಕೇ ಇರಲಿಲ್ಲ ಎಂದಾಗ ಮೋಸಹೋದವಳಂತೆ ಅತ್ತದ್ದೂ ನಾನೇ. ಇದಕ್ಕೆ ಅರ್ಥವಿದೆಯೇ? ಯಾರಿಗಾದರೂ ತಿಳಿದರೆ ಸಮಾರಂಭ ಮುಗಿದ ಮೇಲೆ ನನಗೂ ಹೇಳಿ.

ಭಾಗ್ಯಕ್ಕನ ಕಣ್ಣಲ್ಲೂ ನೀರು. "ನಂಗೂ ಗೊತ್ತಿಲ್ಲ ಕಣವ್ವ. ಪೂಜೆಗಿಡ್ದೆ ಕೊಟ್ರೆ ಬಾಗಿನ ಆಯ್ತದಾ ಅಂತ ಒಂದ್ಸಲ ಗುಡಿ ಐನೋರ್ನ ಕೇಳ್ದೆ. ಆಗಾಕಿಲ್ಲ, ಬರೀ ಮೊರ ಅದು ಅಂದ್ರು. ಅಂಗಂದ್ರೂ ನಂಗೆ ಬುಡಾಕಾಗ್ನಿಲ್ಲ, ತತ್ತಾ ಇವ್ನಿ."

"ನಿಮ್ಮತ್ತೆ ಯಾಕೆ ಹಾಗೆ ಹೇಳಿದ್ರು? ನನ್ನ ಧರ್ಮ ಕೆಡುತ್ತೆ ಅಂತಲಾ? ಇಲ್ಲ, ನಿಮ್ಮ ದೇವರಿಗೆ ಮೈಲಿಗೆ ಅಂತಲಾ?"

ಅವಳು ಮೊರಕ್ಕೆ ಕಟ್ಟಿದ್ದ ಟವೆಲಿನ ಗಂಟು ಬಿಚ್ಚತೊಡಗಿದಳು. "ನಾ ಕೇಳ್ನಿಲ್ಲ. ಈಗ ಕೇಳ್ವ ಅಂದ್ರೆ ಅವ್ಳಿಲ್ಲ."

ಪುಟ್ಟಮಲ್ಲಮ್ಮನವರನ್ನು ನಾನು ಬಲ್ಲೆ. ಸಕ್ಕರೆ ಕಾಯಿಲೆಗೆ ಅವರಿಗೆ ಸೂಜಿ ಚುಚ್ಚುತ್ತಿದ್ದವಳು ನಾನು. ನನ್ನ ಕೈಯಿಂದ ಮಾತ್ರ ಚುಚ್ಚಿಸಿಕೊಳ್ಳುತ್ತಿದ್ದರು. ನಾನು ಬಂದರೆ ಜಗಲಿಗೇ ಬರುತ್ತಿದ್ದರು, ಒಳಗೆ ಕರೆಯುತ್ತಿರಲಿಲ್ಲ. ನನ್ನನ್ನು ಕಾಪಾಡಲು ಹಾಗೆ ಹೇಳಿದರೋ, ನನ್ನಿಂದ ಕಾಪಾಡಿಕೊಳ್ಳಲು ಹೇಳಿದರೋ? ಒಂದು ದಿನ ಒಂದು ಅನ್ನಿಸುತ್ತದೆ, ಇನ್ನೊಂದು ದಿನ ಇನ್ನೊಂದು.

ಅವತ್ತು ಗೊಂದಲವಿಲ್ಲದೆ ಇದ್ದವಳು ಸಾದಿಯಾ ಒಬ್ಬಳೇ. "ಅಮ್ಮೀ, ಪೂಜೆಗೆ ಇಟ್ಟದ್ದಲ್ಲವಲ್ಲ, ತಗೊಳ್ಳಬಹುದು" ಎಂದು ಸಂತೋಷದಿಂದ ಟೀ ಮಾಡಿ ತಂದಳು, ಭಾಗ್ಯಕ್ಕನ ಕಾಲ ಬಳಿ ಕೂತು ಬೃಂದಾಳ ಮಕ್ಕಳ ಸುದ್ದಿ ಕೇಳಿದಳು. ನಾನು ಮೊರವನ್ನು ತೆಗೆದುಕೊಂಡೆ. ಆದರೆ ಸೆರಗು ಒಡ್ಡಲಿಲ್ಲ, ಸಾಮಾನು ತೆಗೆದುಕೊಳ್ಳುವ ಹಾಗೆ ಕೈಯಲ್ಲಿ ತೆಗೆದುಕೊಂಡೆ. ಅದನ್ನು ಅವಳು ನೋಡಿದಳು. ಟವೆಲನ್ನು ಮಡಚಿಕೊಂಡು ಬಸ್ಸಿಗೆ ಹೋದಳು.

ಆಮೇಲೆ ನಾವಿಬ್ಬರೂ ಎಂದಿನಂತೆ ಮಾತಾಡಿದ್ದೇವೆ, ಬಿಪಿ ನೋಡಿದ್ದೇನೆ, ಹುರುಳಿಕಾಳು ಕೊಟ್ಟಿದ್ದಾಳೆ. ಆ ವಿಷಯ ಮಾತ್ರ ಎತ್ತಲಿಲ್ಲ. ಮೊನ್ನೆ ಉಪಕೇಂದ್ರದ ಬೀಗದ ಕೈ ಒಪ್ಪಿಸುತ್ತಿದ್ದಾಗ ಬಂದು ಕಂಬಕ್ಕೆ ಒರಗಿ ನಿಂತು ಕೇಳಿದಳು: "ಗೌರಿ ಅಬ್ಬ ಅತ್ರ ಬಂತು. ಈ ಸಲ ಎಂಗ್ ತರ್ಲಿ? ದೇವ್ರ ಮುಂದಿಟ್ಟು ತರ್ಲಾ, ಬ್ಯಾರೆ ಇಟ್ಟು ತರ್ಲಾ? ನೀ ಎಂಗಂದ್ರೆ ಅಂಗೆ." ಕೆಲಸವಿದೆ ಆಮೇಲೆ ಹೇಳ್ತೀನಿ ಎಂದು ನಾನು ಬೀಗದ ಕಡೆ ತಿರುಗಿದೆ. ಕೆಲಸ ಏನಿತ್ತು? ಎಲ್ಲ ಒಪ್ಪಿಸಿ ಆಗಿತ್ತು.

ಭಾಗ್ಯಕ್ಕ, ಇಷ್ಟು ಜನರ ಮುಂದೆ ಹೇಳುತ್ತಿದ್ದೇನೆ, ಇನ್ನೊಂದು ಸಲ ಮಾತು ಬದಲಿಸಲು ನನಗೆ ಆಗಬಾರದು ಎಂದು. ಬೇರೆ ಇಟ್ಟದ್ದನ್ನೇ ತಾ. ನನ್ನ ದೀನ್ ನನಗೆ ಅಷ್ಟನ್ನು ಹೇಳುತ್ತದೆ, ಅದನ್ನು ನಾನು ಬಿಡಲಾರೆ. ಆದರೆ ಕೊಡುವಾಗ ಮೊರ ತಗೋ ಎನ್ನಬೇಡ, ಬಾಗಿನ ತಗೋ ತಾಯಿ ಎಂದು ಬಾಯಿಬಿಟ್ಟು ಹೇಳು. ನಾನು ಸೆರಗು ಒಡ್ಡುತ್ತೇನೆ. ಹಾಗೆ ಕರೆಯಬಹುದೇ, ಹಾಗೆ ತೆಗೆದುಕೊಳ್ಳಬಹುದೇ? ನಮ್ಮ ಮೌಲಾನಾ ಸಾಹೇಬರನ್ನು ಕೇಳಿಲ್ಲ. ನಿನ್ನ ಐನೋರನ್ನು ನೀನೂ ಕೇಳಬೇಡ.

ಅಳಬೇಡ ಕಣಕ್ಕ, ಎಲ್ಲರೂ ನೋಡುತ್ತಿದ್ದಾರೆ.

ಗಣ್ಯರೇ, ಮಾತು ಎಲ್ಲಿಗೋ ಹೋಯಿತು. ಕುಟುಂಬ ಕಲ್ಯಾಣ ಯೋಜನೆಯ ಬಗ್ಗೆ ಎರಡು ಮಾತಾಡಬೇಕೆಂದು ಡಾಕ್ಟರು ಹೇಳಿದ್ದರು, ಅದು ಉಳಿದೇಹೋಯಿತು. ನನ್ನನ್ನು ನಿಮ್ಮ ಬಾಣಂತಿ ಕೋಣೆಗಳಿಗೆ ಬಿಟ್ಟುಕೊಂಡ, ನಿಮ್ಮ ಕೂಸುಗಳನ್ನು ಮೊದಲು ನನ್ನ ಕೈಗೆ ಬಿಟ್ಟ ಈ ಹಳ್ಳಿಗಳ ಎಲ್ಲ ತಾಯಂದಿರಿಗೆ, ಈ ಶಾಲು ಹಾರಗಳನ್ನು ಹೊಂದಿಸಿದ ಎಲ್ಲರಿಗೆ ನನ್ನ ಮನಸ್ಸು ತುಂಬಿದ ಕೃತಜ್ಞತೆಗಳು.

ನಮಸ್ಕಾರ.