ಹಿಂದಿರುಗಿಸಲಾದ ಇಪ್ಪತ್ತು ಪೌಂಡ್ ನೋಟಿನ ಕುರಿತು

ಹೆಸರು: ಗಿಡಿಯನ್ ಟರ್ನ್‌ಬುಲ್. ವಯಸ್ಸು: 78 ವರ್ಷ. ಕಸುಬು: ಕುರಿ ಸಾಕಣೆ. ವಾಸ: ಹಾರ್‌ಲಾ, ರಾಕ್ಸ್‌ಬರೋ ಸೀಮೆ, ಸ್ಕಾಟ್ಲೆಂಡ್, ಇಂಗ್ಲೆಂಡಿನ ಗಡಿಯಿಂದ ಒಂದೂವರೆ ಮೈಲಿ.

ಕುರಿ ಕದ್ದೆನೆಂಬ ದೂರಿನ ಬಗ್ಗೆ ವಿಚಾರಿಸಲಾಗಿ ನಾನು ಅರಿಕೆ ಮಾಡಿಕೊಳ್ಳುವುದೇನೆಂದರೆ, ಐವತ್ತೆಂಟು ವರ್ಷಗಳಿಂದ ಕುರಿ ಮಾರುತ್ತಿದ್ದೇನೆ. ನನ್ನ ಹೆಸರಿನ ಪಕ್ಕದಲ್ಲಿ ಕಳ್ಳನೆಂಬ ಪದವನ್ನು ಈವರೆಗೆ ಯಾರೂ ಬರೆದಿರುವುದಿಲ್ಲ.

ದಿನಾಂಕ 14-10-2025ರ ಮಂಗಳವಾರ ಮಧ್ಯಾಹ್ನ 1.15 ಗಂಟೆಗೆ, ಗಡಿಯಾಚೆಯ ಕಂಪನಿಯೊಂದರ ಪರವಾಗಿ ಬಂದ ಶ್ರೀ ಕಾಲಿನ್ ಹೆಡ್ಲಿಯವರಿಗೆ ಮೂವತ್ತೊಂದು ಹೆಣ್ಣುಕುರಿಗಳನ್ನು ಮಾರಿದೆನು. ಬೆಲೆ ಪೂರ್ತಿ ಸಂದಾಯವಾಗಿರುತ್ತದೆ. ನಮ್ಮಲ್ಲಿ ಮಾರಿದವನು ಕೊಂಡವನ ಅಂಗೈಗೆ ಶುಭದ ಹಣವೆಂದು ಒಂದಿಷ್ಟನ್ನು ಮರಳಿ ಇಡುವುದು ವಾಡಿಕೆ. ಅದರಂತೆ ಸ್ಕಾಟ್ಲೆಂಡಿನ ಬ್ಯಾಂಕೊಂದು ಹೊರಡಿಸಿದ ಇಪ್ಪತ್ತು ಪೌಂಡ್ ನೋಟನ್ನು ನೀಡಿದೆನು. ಬೆಲೆಯಲ್ಲಿ ಅದು ಇಂಗ್ಲೆಂಡಿನ ನೋಟಿಗೆ ಸಮವೇ, ಆದರೂ ಗಡಿಯಾಚೆ ಕೆಲವರು ಅದನ್ನು ಮುಟ್ಟುವುದಿಲ್ಲ.

"ಇದೇನ್ ಯಜಮಾನ್ರೇ, ಮಕ್ಕಳಾಟದ ಡಬ್ಬದಿಂದ ತೆಗೆದ್ರಾ? ನಮ್ಮ ಕಂಪನೀಲಿ ಸ್ಕಾಟ್ಲೆಂಡ್ ನೋಟು ತಗೊಳ್ಳಂಗಿಲ್ಲ" ಎಂದು ಹೆಡ್ಲಿಯವರು ಹೇಳಿದರು.

"ಕುರೀನೂ ಸ್ಕಾಟ್ಲೆಂಡಿಂದೇ ಅಲ್ವೇನಪ್ಪಾ, ಅದನ್ನ ಹೆಂಗ್ ತಗೊಂಡೆ?" ಎಂದು ನಾನು ಕೇಳಿದೆನು.

ಅವರು ನಕ್ಕು, ನೋಟನ್ನು ಎರಡು ಬೆರಳಲ್ಲಿ ಹಿಡಿದು ನನ್ನ ಕೋಟಿನ ಜೇಬಿಗೆ ತುರುಕಿದರು. ಲಾರಿಯೊಳಗಿನ ಕುರಿಗಳ ಅರಚಾಟ ಆ ಕ್ಷಣವೇ ನಿಂತಿತು. 1.50ಕ್ಕೆ ಲಾರಿ ಹೊರಟಿತು.

3.20ಕ್ಕೆ ಅವರು ಹದಿನಾಲ್ಕು ಮೈಲಿ ಆಚೆಯ ತಮ್ಮ ಹೊಲದಿಂದ ಫೋನು ಮಾಡಿ, ಮೂವತ್ತೊಂದನ್ನೂ ಎಣಿಸಿ ಇಳಿಸಿಕೊಂಡು ಗೇಟು ಹಾಕಿದ್ದಾಗಿ ತಿಳಿಸಿದರು. ನಮ್ಮ ಫೋನು ಅಡುಗೆಮನೆಯ ಕಿಟಕಿಯ ಬಳಿ ಇದೆ. ನಾನು ಅಂಗಳವನ್ನು ನೋಡುತ್ತಾ, ಹಾಗಾದರೆ ಇಲ್ಲಿ ನಿಂತಿರುವವು ಯಾವುವೆಂದು ಕೇಳಿದೆನು.

"ಊಟಕ್ಕೆ ವಿಸ್ಕಿ ಜಾಸ್ತಿ ಆಯ್ತಾ ಅಜ್ಜ?" ಎಂದರು. ಆಮೇಲೆ ಅವರು ಗೇಟಿನ ಕಡೆ ನಡೆದ ಸದ್ದು ಕೇಳಿಸಿತು. ನಂತರ ತಮ್ಮ ಹೊಲ ಖಾಲಿ ಇದೆಯೆಂದು ಹೇಳಿದರು.

ಗುಡ್ಡದ ಕುರಿ ಹುಟ್ಟಿದ ನೆಲಕ್ಕೆ ಮರಳುವುದು ಹೊಸತಲ್ಲ. ಆದರೆ ಅದಕ್ಕೆ ದಿನಗಳು ಹಿಡಿಯುತ್ತವೆ, ಹೊಳೆ ದಾಟುವಾಗ ಹೊಟ್ಟೆಯವರೆಗೆ ಉಣ್ಣೆ ನೆನೆಯುತ್ತದೆ. ಇವುಗಳ ಗೊರಸು ಸಹ ಒಣಗಿತ್ತು. ಕಿವಿಯ ಗುರುತು ನನ್ನದೇ. ಎಲ್ಲವೂ ನನ್ನ ಕೋಟಿನ ಜೇಬನ್ನು ನೋಡುತ್ತಿದ್ದವು.

ಬುಧವಾರ ಹೆಡ್ಲಿಯವರು ಬಂದು ಕುರಿಗಳನ್ನು ಒಯ್ದು, ತಮ್ಮ ಹೊಲದ ಗೇಟಿಗೆ ಸರಪಳಿ ಬಿಗಿದರು. ಮಧ್ಯಾಹ್ನ 2.05ಕ್ಕೆ ಅವು ನನ್ನ ಅಂಗಳದಲ್ಲಿದ್ದವು. ಹಿಂದೆಯೇ ಅವರೂ ಬಂದರು. "ಈಗಲಾದ್ರೂ ತಗೋ ಮಗಾ" ಎಂದು ನೋಟು ಚಾಚಿದೆನು. ಅವರು ಅದನ್ನು ಮುಟ್ಟದೆ, ನಾನು ಕುರಿಗಳಿಗೆ ಸಿಳ್ಳೆ ಕಲಿಸಿ ಕರೆಸಿಕೊಳ್ಳುತ್ತೇನೆಂದು ಆಪಾದಿಸಿ, ಈ ಠಾಣೆಗೆ ಬಂದು ದೂರು ಕೊಟ್ಟಿರುತ್ತಾರೆ.

ಈ ದಿನ ಶುಕ್ರವಾರ ಕುರಿಗಳನ್ನು ನನ್ನ ದೊಡ್ಡಿಯಲ್ಲಿ ಕೂಡಿಹಾಕಿ, ಬೀಗ ಜಡಿದು, ಒಂಬತ್ತು ಮೈಲಿ ಬಸ್ಸಿನಲ್ಲಿ ಬಂದು ಬೆಳಿಗ್ಗೆ 10 ಗಂಟೆಗೆ ಹಾಜರಾದೆನು. ನೋಟನ್ನು ಮೇಜಿನ ಮೇಲಿಟ್ಟಿದ್ದೇನೆ. "ಇದನ್ನ ತಗೊಳ್ಳಲೇಬೇಕು ಅಂತ ಯಾವ ವ್ಯಾಪಾರಸ್ಥರಿಗೂ ಕಾನೂನಿಲ್ಲ ಅಜ್ಜ" ಎಂದು ಕಾನ್‌ಸ್ಟೇಬಲ್ ಶ್ರೀಮತಿ ಎಲ್ಸ್‌ಪೆತ್ ಕರ್ ತಿಳಿಸಿದರು. ನಾನು ಕಾನೂನಿನ ಮಾತಾಡುತ್ತಿಲ್ಲವೆಂದು ಉತ್ತರಿಸಿದೆನು.

11.40ಕ್ಕೆ ಈ ಹೇಳಿಕೆಯನ್ನು ನನಗೆ ಓದಿ ಹೇಳುತ್ತಿದ್ದ ಅವರು, ಚಳಿಯೆಂದು ಕಿಟಕಿ ಮುಚ್ಚಲು ಎದ್ದು, ಹೊರಗೆ ನೋಡುತ್ತಾ ಅಲ್ಲಿಯೇ ನಿಂತರು. ತುಟಿ ಅಲುಗುತ್ತಿತ್ತು, ಎಣಿಸುತ್ತಿದ್ದರು. ನಾನು ತಿರುಗಿ ನೋಡಲಿಲ್ಲ. ಸಂಖ್ಯೆ ನನಗೆ ಗೊತ್ತು. ಬಳಿಕ ಅವರು ದೂರುದಾರರನ್ನು ಕೂರಿಸಿದ್ದ ಪಕ್ಕದ ಕೋಣೆಯ ಬಾಗಿಲು ತೆರೆದು, "ಹೆಡ್ಲಿ ಅವ್ರೇ, ಬನ್ನಿ ಇಲ್ಲಿ. ಕೈ ಚಾಚಿ" ಎಂದು ತಗ್ಗಿದ ದನಿಯಲ್ಲಿ ಹೇಳಿದರು.

ಹೆಡ್ಲಿಯವರು ಬಂದು ನಿಂತಿದ್ದಾರೆ. ಕೈ ಇನ್ನೂ ಜೇಬಿನಲ್ಲಿದೆ.

ಮೇಲೆ ಬರೆಸಿದ್ದರಲ್ಲಿ ನಾನು ಕಂಡದ್ದಕ್ಕಿಂತ ಹೆಚ್ಚಿಲ್ಲ, ಕಡಿಮೆಯೂ ಇಲ್ಲ. ಓದಿಸಿ ಕೇಳಿ ಒಪ್ಪಿರುತ್ತೇನೆ.

ಸ್ಥಳ: ಪೊಲೀಸ್ ಠಾಣೆ, ರಾಕ್ಸ್‌ಬರೋ ಸೀಮೆ
ದಿನಾಂಕ: 17-10-2025
(ಸಹಿ) ಗಿಡಿಯನ್ ಟರ್ನ್‌ಬುಲ್