ಗೋಡೆಗೆ ನಿಲ್ಲಿಸಿದ ತಲಬಾಗಿಲು

೨೦೦೯ರ ಮಳೆಗಾಲ ಮುಗಿಯುವ ಹೊತ್ತಿಗೆ ಬೀಳಗಿ ತಾಲೂಕಿನಲ್ಲಿ ಒಂದು ಗಂಭೀರ ಘಟನೆ ನಡೆಯಿತು. ನನ್ನ ಕಾಕಾನ ಮಗಳು ವೈಶಾಲಿಯ ಎಡಗಾಲಿನ ಚಪ್ಪಲಿ ಕಾಣೆಯಾಯಿತು. ಯಾವ ಪತ್ರಿಕೆಯೂ ಬರೆಯಲಿಲ್ಲ, ಯಾರೂ ಪೊಲೀಸರಿಗೆ ದೂರು ಕೊಡಲಿಲ್ಲ. ಹಾಗಾಗಿ ನಾನೇ ಹೇಳಬೇಕಾಗಿದೆ. ಈಗ ಕರೆಂಟೂ ಹೋಗಿದೆ, ಕೇಳುವವರಿಗೂ ಬೇರೆ ಕೆಲಸವಿಲ್ಲ.

ಅವತ್ತು ಕತ್ತಲಾದ ಮೇಲೆ ನಾನು ಕಾಕಾನ ಮನೆಗೆ ನಡೆದು ಹೋಗುತ್ತಿದ್ದೆ. ಕಾಕಾ ಲಗಮಣ್ಣ ಇರುವುದು ಪುನರ್ವಸತಿ ಕೇಂದ್ರದಲ್ಲಿ. ಹಳೆಯ ಊರು ಕೃಷ್ಣೆಯ ಹಿನ್ನೀರಿನ ಕೆಳಗಿದೆ. ಹೊಸ ಊರಿನಲ್ಲಿ ಆಲದ ಮರವಿಲ್ಲ. ಸರ್ಕಾರ ಕೊಟ್ಟ ಸೌಲಭ್ಯಗಳಲ್ಲಿ ಅದು ಸೇರಿರಲಿಲ್ಲ. ದೆವ್ವಕ್ಕೆ ಹೆದರುವವರು ದಾರಿಯ ಬಾವಿಯೊಂದರಲ್ಲೇ ಸುಧಾರಿಸಿಕೊಳ್ಳಬೇಕು.

ಆ ಬಾವಿಯ ಹತ್ತಿರ ಸದ್ದು ಕೇಳಿತು. ಟಪ್... ಪಚ್. ಟಪ್... ಪಚ್.

ಒಂದು ಕಾಲು ಚಪ್ಪಲಿಯದು. ಇನ್ನೊಂದು ಒದ್ದೆಯಾದ ಬರಿಗಾಲು.

"ಯಾರದು?"

"ನಾನ, ಅಣ್ಣಾ."

ವೈಶಾಲಿ. ನಾನು ಬ್ಯಾಟರಿ ಬೆಳಕು ಅವಳ ಕಾಲಿಗೆ ಬಿಟ್ಟೆ.

"ಇನ್ನೊಂದ ಚಪ್ಪಲಿ ಎಲ್ಲಿ ಬೇ?"

"ಒಳಗ ಐತಿ."

"ಯಾವ ಒಳಗ?"

ಅವಳು ಮುಂದೆ ನಡೆದಳು. ಟಪ್... ಪಚ್...

ಮೊದಲಿನಿಂದ ಹೇಳುತ್ತೇನೆ.

ವೈಶಾಲಿ ಜಮಖಂಡಿಯಲ್ಲಿ ಬಿ.ಎ. ಓದಿದಳು, ಇತಿಹಾಸ. ಅವರ ಗಿರಮಲ್ಲಪ್ಪ ಸರ್ ವರ್ಷಕ್ಕೊಮ್ಮೆ ಹುಡುಗರನ್ನು ಬಸ್ಸಿನಲ್ಲಿ ತುಂಬಿ ಬಿಜಾಪುರ, ಬಾದಾಮಿ, ಐಹೊಳೆಯ ಮ್ಯೂಸಿಯಂ ತೋರಿಸುತ್ತಿದ್ದರು. ಉಳಿದವರು ಮೂರ್ತಿಗಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಇವಳು ಮೂಲೆಯಲ್ಲಿ ಫ್ಯಾನಿನ ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತ ಮ್ಯೂಸಿಯಂ ನೌಕರರನ್ನು ನೋಡಿದಳು.

"ಮ್ಯೂಸಿಯಂ ಅಂದ್ರ ಏನಣ್ಣಾ," ಎಂದು ನನಗೊಮ್ಮೆ ಹೇಳಿದ್ದಳು. "ಮನಿ ಕಳಕೊಂಡ ಸಾಮಾನು ಕೂಡೋ ಜಾಗ. ನಮ್ಮಂಗನ. ಆದ್ರ ಅವಕ್ಕ ಪುನರ್ವಸತಿ ಛಲೋ ಆಗೇತಿ ನೋಡು. ಫ್ಯಾನ್ ಐತಿ, ಕಾವಲು ಐತಿ, ಹೆಸರಿನ ಪಾಟಿ ಐತಿ. ಎಬ್ಬಸಾಕ ಯಾರೂ ಬರೂದಿಲ್ಲ."

ಕಡೆಯ ವರ್ಷ ಕಾಲೇಜಿನಲ್ಲಿ ವೃತ್ತಿ ಮಾರ್ಗದರ್ಶನ ಶಿಬಿರ ನಡೆಯಿತು. ಬಾಗಲಕೋಟೆಯಿಂದ ಬಂದ ತಜ್ಞರು ಡಿ.ಎಡ್., ಪೊಲೀಸ್, ನರ್ಸಿಂಗ್ ಎಂದು ವಿವರಿಸಿ, ನೀನೇನಾಗ್ತೀಯವ್ವಾ ಎಂದು ಇವಳನ್ನು ಕೇಳಿದರು.

"ಮ್ಯೂಸಿಯಂ ಒಳಗ ಇರ್ತೀನ್ರಿ."

"ಅಲ್ಲಿ ಇರಬೇಕಂದ್ರ ಮೊದಲ ಸಾಯಬೇಕಾಗ್ತದ," ಎಂದರು ತಜ್ಞರು. ಸಭೆ ನಕ್ಕಿತು. ಮಾರ್ಗದರ್ಶನ ಮುಗಿಯಿತು.

ಆದರೆ ಅವಳ ಅದೃಷ್ಟ ನೋಡಿ. ಆಗ ಬೀಳಗಿಯಲ್ಲಿ ಒಂದು ಸಮಿತಿಯವರು ಮುಳುಗಡೆ ಊರುಗಳ ಸಾಮಾನು ಕೂಡಿಸಿ ಎರಡು ಕೋಣೆಯ ಸಂಗ್ರಹಾಲಯ ನಡೆಸುತ್ತಿದ್ದರು. ಬೀಸುಕಲ್ಲು, ಕುರಿಗಾರರ ಕಂಬಳಿ, ಬೀರೇಶ್ವರನ ಡೊಳ್ಳು. ನೋಡಿಕೊಳ್ಳಲು ಜನ ಬೇಕಿತ್ತು. ವೈಶಾಲಿಯನ್ನು ತಾತ್ಕಾಲಿಕವಾಗಿ ತೆಗೆದುಕೊಂಡರು. ದೀಪಾವಳಿಯ ಮುಂಚೆ ಸಂದರ್ಶನ, ಪಾಸಾದರೆ ಕಾಯಂ.

ಕಾಕಾ ಕೂಡ ಒಂದು ಮಾತು ಹೇಳಿದ. "ಕಾಯಂ ಆತಂದ್ರ ಇರು. ಆಗಲಿಲ್ಲಂದ್ರ ಲೋಕಾಪುರ."

ಲೋಕಾಪುರ ಎಂದರೆ ದುರಗೇಶ, ಅವಳನ್ನು ಕೊಡಬೇಕೆಂದಿದ್ದ ಸೋದರಮಾವ. ಲಾರಿ ಇದ್ದವನು, ಕೆಟ್ಟವನಲ್ಲ. ಲಾರಿಯ ವಿಷಯ ಬಿಟ್ಟು ಬೇರೇನೂ ಮಾತಾಡುತ್ತಿರಲಿಲ್ಲ, ಅಷ್ಟೇ.

ಸಂಗ್ರಹಾಲಯದ ಒಳಕೋಣೆಯಲ್ಲಿ ಒಂದು ತಲಬಾಗಿಲಿತ್ತು. ಅದು ಕಾಕಾನ ಹಳೆಯ ಮನೆಯದು. ಊರು ಬಿಡುವಾಗ ಚೌಕಟ್ಟು, ಹೊಸ್ತಿಲು ಸಮೇತ ಕಿತ್ತು ತಂದಿದ್ದರು. ಪುನರ್ವಸತಿ ಮನೆಯ ಗೋಡೆ ಅದಕ್ಕೆ ಸಾಲಲಿಲ್ಲ. ಕಾಕಾ ಅದನ್ನು ಸಮಿತಿಯವರಿಗೆ ಕೊಟ್ಟ, ಅವರು ಅವನಿಗೆ ಶಾಲು ಹೊದಿಸಿದರು. ಬಾಗಿಲನ್ನು ಗೋಡೆಗೆ ನಿಲ್ಲಿಸಿ ಮೊಳೆ ಹೊಡೆದರು. ಹಿಂದೆ ಕೈ ತೂರುವಷ್ಟು ಸಂದು, ಆಮೇಲೆ ಗೋಡೆ. ತೆರೆಯಲು ಬರುವುದಿಲ್ಲ. ಒಳಚಿಲಕ ಗೋಡೆಯ ಕಡೆಗೇ ಉಳಿಯಿತು.

ಆ ಬಾಗಿಲ ಹಿಂದೆ ಮೊದಲು ಕೂರುತ್ತಿದ್ದವಳು ನಮ್ಮ ಆಯಿ, ಅಂದರೆ ಕಾಕಾನ ಅವ್ವ ಯಲ್ಲಕ್ಕ. ಕಣ್ಣು ಮಂಜು, ಕಾಲಿಗೆ ಬೆಳ್ಳಿ ಕಡಗ. ಯಾರು ಹೋದರೂ ಬಂದರೂ ಹೇಳಿಯೇ ಹೋಗಬೇಕು. ಊರು ಬಿಟ್ಟ ಮೇಲೆ ಅವಳು ತಗಡಿನ ಶೆಡ್ಡಿನಲ್ಲಿ ತೀರಿಕೊಂಡಳು. ನಮ್ಮಲ್ಲಿ ಹೆಣ ಹೊಸ್ತಿಲು ದಾಟಬೇಕು, ದಾಟಿದ ಮೇಲೆ ಒಳಗಿದ್ದವರು ಹೊಸ್ತಿಲು ತೊಳೆಯಬೇಕು. ಆಗಲೇ ಹೋದವರು ಹೋದಂತೆ. ಶೆಡ್ಡಿಗೆ ಹೊಸ್ತಿಲೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ಗೋಣಿತಟ್ಟು ಸರಿಸಿ ಹೊತ್ತುಕೊಂಡು ಹೋದರು. ತೊಳೆಯುವುದು ಏನನ್ನು?

ಸಂಗ್ರಹಾಲಯಕ್ಕೆ ಜನ ಬರಲಿಲ್ಲ. ಸಂಜೆಯ ಹೊತ್ತಿಗೆ ಒಬ್ಬರು ಬರುತ್ತಿದ್ದರು, ಆದರೆ ಲೆಕ್ಕಕ್ಕೆ ಹಿಡಿಯುವಂಥವರಲ್ಲ.

ಸಂದರ್ಶನಕ್ಕೆ ಇನ್ನು ಎರಡು ದಿನವಿದ್ದಾಗ, ದೀಪ ಹಚ್ಚುವ ಹೊತ್ತಿಗೆ ಕರೆಂಟು ಹೋಯಿತು. ವೈಶಾಲಿ ಒಳಕೋಣೆಯ ಕಿಟಕಿ ಮುಚ್ಚುತ್ತಿದ್ದಳು. ಚಿಲಕ ಅಲುಗಿತು. ಕಿಣ್... ಕಿಣ್... ಗೋಡೆಯ ಕಡೆಯಿಂದ. ಆಮೇಲೆ ನೆಲದ ಮೇಲೆ ಬೆಳ್ಳಿ ಕಡಗ ಒರಗಿದ ಸದ್ದು. ಟಕ್.

"ಯಾರ ಬೇ ಹೊರಗ?" ಪಿಸುಮಾತು.

"ನಾನಬೇ ಆಯಿ, ವೈಶಿ." ಬಾಯಿಗೆ ರೂಢಿ ಇತ್ತು, ಬಂದುಬಿಟ್ಟಿತು.

"ಹೊತ್ತ ಮುಳಗೇತಿ. ಒಳಗ ಬಾ."

"ಮನ್ಯಾಗ ಅವ್ವ ಒಬ್ಬಾಕೀನ ಅದಾಳ. ಹೋಗಿ ಬರ್ತೀನಿ."

"ಹುಂ... ಹೋಗಿ ಬಾ. ಚಿಲಕಾ ತಗದಿರ್ತೀನಿ."

ಮನೆಗೆ ಬಂದು ಹೇಳಿದಳು. ಅವಳ ಅವ್ವ, ನನ್ನ ಚಿಗವ್ವ ಮಾದೇವಿ, ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಹೊಂಡುವಾಗ ಏನಂದಿ?"

"ಹೋಗಿ ಬರ್ತೀನಿ ಅಂದೆ."

ಒಲೆಯ ಮೇಲೆ ರೊಟ್ಟಿ ಸೀದಿತು. ಸಾವಿನ ಮನೆಯಿಂದ ಎದ್ದು ಬರುವಾಗ ನಾವು ಆ ಮಾತು ಆಡುವುದಿಲ್ಲ. ಸುಮ್ಮನೆ ಎದ್ದು ಬರುತ್ತೇವೆ. ಚಿಕ್ಕ ಮಕ್ಕಳಿಗೂ ಇದು ಗೊತ್ತು. ಇವಳು ಸತ್ತವಳಿಗೇ ಮಾತು ಕೊಟ್ಟು ಬಂದಿದ್ದಳು.

"ನಾಳಿಂದ ಆ ಕಡೆ ಹೋಗಬ್ಯಾಡ," ಎಂದಳು ಚಿಗವ್ವ.

"ಹೋಗ್ಲಿಲ್ಲಂದ್ರ ಕೆಲಸ ಹೋಗ್ತದ. ಆಯಿ ಮನಿಗೆ ಹೋಗೂದ ಛಲೋ ಬೇ, ಲೋಕಾಪುರಕ್ಕ ಹೋಗೂದಕ್ಕಿಂತ."

ಬೆಳಿಗ್ಗೆ ಕಾಕಾ ಸಮಿತಿಯ ಅಧ್ಯಕ್ಷರ ಹತ್ತಿರ ಹೋದ. ಹೊಸ್ತಿಲು ಒಮ್ಮೆ ತೊಳೆಯಲು ಬಿಡಬೇಕು ಎಂದು ಕೈಮುಗಿದ. ಅಧ್ಯಕ್ಷರು ನಿಯಮ ತಿಳಿಸಿದರು.

"ನೀರ ತಾಗಿಸಿದ್ರ ಕಟಗಿ ಹಾಳಾಗ್ತದ, ಲಗಮಣ್ಣ. ನೀರಿನ್ಯಾಗಿಂದ ಉಳಿಸಿದ ಸಾಮಾನು ಅದು."

ಕಾಕಾ ಎದ್ದು ಬಂದ.

ಅವತ್ತು ಸಂಜೆ ವೈಶಾಲಿ ಚೀಲದಲ್ಲಿ ನೀರಿನ ಬಾಟಲಿ ಇಟ್ಟುಕೊಂಡು ಒಳಕೋಣೆಗೆ ಹೋದಳು. ಇಲ್ಲಿಂದ ಮುಂದಿನದನ್ನು ಕಾವಲುಗಾರ ತುಕಾರಾಮ ಹೇಳಿದ್ದು. ಕುಡಿಯುವವನಲ್ಲ, ಕುಡಿಯುವವನಾಗಿದ್ದರೆ ನಾನೂ ನೆಮ್ಮದಿಯಿಂದ ಇರುತ್ತಿದ್ದೆ.

ಅವಳು ಬಾಗಿಲ ಮುಂದೆ ಎರಡೂ ಚಪ್ಪಲಿ ಬಿಟ್ಟಳು. ಕರೆಂಟು ಹೋಯಿತು.

"ತುಕಾರಾಮ ಕಾಕಾ, ನೀವ್ ಅಲ್ಲೇ ನಿಂದರ್ರಿ."

"ಯವ್ವಾ, ಹೊರಗಿಂದನ ನೀರ್ ಹಾಕಿ ಬಂದಬಿಡ."

"ಹೊರಗಿಂದ ಹಾಕಿದ್ರ ನಡಿಯೂದಿಲ್ರಿ."

ಕಿಣ್... ಚಿಲಕ ಸರಿಯಿತು. ಕಿರ್‍ರ್... ಮೊಳೆ ಹೊಡೆದ ಬಾಗಿಲು. ತುಕಾರಾಮನ ಮುಖಕ್ಕೆ ತಂಪು ಗಾಳಿ ಬಡಿಯಿತು, ಹೊಳೆಯ ವಾಸನೆ. ದೂರದಲ್ಲಿ, ಗೋಡೆಗಿಂತ ಬಹಳ ಆಚೆ, ನೀರು ಸುರಿದ ಸದ್ದು. ಸುರ್‍ರ್... ಆಮೇಲೆ ಬೆಳ್ಳಿ ಕಡಗದ ಸದ್ದು ಅವನ ಪಕ್ಕದಿಂದಲೇ ಹಾದು ಹೊರಗೆ ಹೋಯಿತು. ಟಕ್... ಟಕ್... ಟಕ್.

ಕಿರ್‍ರ್... ಕಿಣ್.

ಕರೆಂಟು ಬಂತು. ವೈಶಾಲಿ ಬಾಗಿಲ ಮುಂದೆ ನಿಂತಿದ್ದಳು. ಹೊಸ್ತಿಲು ಒದ್ದೆ, ಪಾದ ಒದ್ದೆ, ಮೊಳೆಗಳು ಇದ್ದಲ್ಲೇ ಇದ್ದವು. ಚಪ್ಪಲಿ ಒಂದೇ ಇತ್ತು. ಅದನ್ನು ಮೆಟ್ಟಿ ಹೊರಟಳು. ತುಕಾರಾಮನಿಗೆ ದಿನಾ ಹೇಳುತ್ತಿದ್ದಂತೆ "ಹೋಗಿ ಬರ್ತೀನ್ರಿ" ಎನ್ನಲಿಲ್ಲ. ಬಾವಿಯ ಹತ್ತಿರ ನನಗೆ ಸಿಕ್ಕಿದ್ದು ಆಗಲೇ.

ಮರುದಿನ ಸಂದರ್ಶನ. ಅಧ್ಯಕ್ಷರು ಇತಿಹಾಸದ ಒಂದೇ ಪ್ರಶ್ನೆ ಕೇಳಿದರು, ಅದೂ ಹಿಂದಿನ ಸಂಜೆಯ ಇತಿಹಾಸ.

"ಬಾಗಿಲಿಗೆ ನೀರ್ ಹಾಕಿದವರು ಯಾರು?"

"ನಾನ್ರಿ."

ಹೊರಗೆ ಕಾಯುತ್ತಿದ್ದ ಕಾಕಾ ಲೋಕಾಪುರಕ್ಕೆ ಫೋನು ಮಾಡಿದ.

ದುರಗೇಶ ಈಗಲೂ ಒಳ್ಳೆಯವನೇ. ಆದರೆ ಮದುವೆಯಾದ ಮೇಲೆ ಒಮ್ಮೆ ಲಾರಿಯ ಮಾತು ನಿಲ್ಲಿಸಿ ನನ್ನ ಕಿವಿಯಲ್ಲಿ ಹೇಳಿದ: "ಈಕಿ ಯಾ ಹೊಸ್ತಿಲ ಬಂದ್ರೂ ನಿಂತಬಿಡ್ತಾಳ್ರಿ. ಒಳಗ ಬಾ ಅನ್ನೂತನಕಾ ಬರೂದಿಲ್ಲ. ಹೊಂಡುವಾಗ ಒಂದ್ ಮಾತೂ ಹೇಳೂದಿಲ್ಲ. ಸಾವಿನ ಮನಿಯಿಂದ ಎದ್ದ ಹೋದಂಗ ಹೋಗ್ತಾಳ." ಸಂಗ್ರಹಾಲಯದಲ್ಲಿ ಮುದುಕಿಯ ಸದ್ದು ನಿಂತಿತು. ಕರೆಂಟು ಹೋದಾಗ ಬೇರೆ ದನಿ ಬರುತ್ತದೆ, ಎಳೆಯ ದನಿ, ಬಂದವರಿಗೆ ಸಾಮಾನು ತೋರಿಸುವಂತೆ ಒಂದೊಂದರ ಹೆಸರು ಹೇಳುತ್ತದೆ ಎಂದು ತುಕಾರಾಮ ಅಂದ. ನಾನು ನಂಬಲಿಲ್ಲ.

೨೦೧೩ರಲ್ಲಿ ಜನ ಬರುವುದಿಲ್ಲವೆಂದು ಸಂಗ್ರಹಾಲಯ ಮುಚ್ಚಿದರು. ಸಾಮಾನು ಸಾಗಿಸುವ ದಿನ ನಾನೂ ಅಲ್ಲಿದ್ದೆ. ಹಾಡಹಗಲು. ಆಳುಗಳು ಮೊಳೆ ಕಿತ್ತು ತಲಬಾಗಿಲು ಸರಿಸಿದರು. ಹಿಂದೆ ಗೋಡೆ, ಸುಣ್ಣ, ಜೇಡರ ಬಲೆ. ಕೆಳಗೆ ಎಡಗಾಲಿನ ಚಪ್ಪಲಿ, ತುದಿ ಗೋಡೆಯ ಕಡೆಗೆ. ನಾನೇ ಬಗ್ಗಿ ಕೈಯಲ್ಲಿ ಹಿಡಿದೆ, ಬೇಕಾದರೆ ಬೀರಪ್ಪ ದೇವರ ಅರಿಸಿನ ಭಂಡಾರ ಮುಟ್ಟಿ ಹೇಳುತ್ತೇನೆ. ಅದು ಒದ್ದೆಯಾಗಿತ್ತು.

ಸಂಗ್ರಹಾಲಯ ನೋಡಿಕೊಳ್ಳುವ ಆ ಹುದ್ದೆಯನ್ನು ಸಮಿತಿ ರದ್ದು ಮಾಡಿದೆ.